ಒಂದನೇ ನಂಬರ್ ಮೋಟಾರಿನ ಶ್ರುತಿ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪಂಪ್ ಮಾವ ಕೊಳಲು ಊದುತ್ತಿದ್ದರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಾದದ್ದು ಆಮೇಲೆ, ಮಗಳು ಮೊದಲ ಸಲ ಕರೆ ಮಾಡಿದ ಸಮಯವನ್ನು ಫೋನು ತೋರಿಸಿದಾಗ. ಆ ಹೊತ್ತಿನಲ್ಲಿ ಎದುರಿಗೆ ಒಂದನೇ ನಂಬರ್ ಮೋಟಾರು ಗುಂಯ್ ಎನ್ನುತ್ತಿತ್ತು. ಫೋನು ಗೋಡೆಯ ಮೊಳೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿತ್ತು. ಆಂಪಿಯರ್ ಮೀಟರಿನ ಮುಳ್ಳು ನೋಡಲು ಎದ್ದಾಗ ಅಂಗಿ ನಡುಗುವುದು ಕಂಡಿತು. ಅಷ್ಟರಲ್ಲಿ ಅದು ನಾಲ್ಕನೇ ಕರೆ. ಮನೆಯಲ್ಲಿ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕುಸಿದು ಬಿದ್ದಿದ್ದರು.

ಇಡೀ ಬಡಾವಣೆಗೆ ನೀರು ಹತ್ತಿಸುವ ಪಂಪ್‌ಹೌಸಿನಲ್ಲಿ ಆಪರೇಟರ್ ಆದ್ದರಿಂದ ಅವರು ಬೀದಿಗೆಲ್ಲ ಪಂಪ್ ಮಾವ. ಮಾವನ ಹೆಂಡತಿ ಎಂಬ ಕಾರಣಕ್ಕೆ ಅವರು ಅತ್ತೆ. ಅತ್ತೆಯ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನಲ್ಲಿಯಲ್ಲಿ ನೀರು ಬರದಿದ್ದರೆ ಜನ ಕಚೇರಿಗೆ ಹೋಗುತ್ತಿರಲಿಲ್ಲ, ಅತ್ತೆಯ ಬಾಗಿಲಿಗೆ ಬರುತ್ತಿದ್ದರು. ಅತ್ತೆ ಅವರ ಪರವಾಗಿ ಗಂಡನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಕೈಕಾಲು ಬೇಗ ಚೇತರಿಸಿಕೊಂಡವು. ಮಾತು ಮಾತ್ರ ವಾಪಸ್ ಬರಲಿಲ್ಲ. ಮೆದುಳಿನ ಎಡಭಾಗದಲ್ಲಿ ಮಾತು ಹುಟ್ಟುವ ಜಾಗಕ್ಕೇ ರಕ್ತ ಹೋಗುವುದು ನಿಂತಿತ್ತು ಎಂದು ಡಾಕ್ಟರು ವಿವರಿಸಿದರು. ಹೇಳಿದ್ದೆಲ್ಲ ಅತ್ತೆಗೆ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಬರುತ್ತಿದ್ದದ್ದು ‘ಅದು’ ಎಂಬ ಒಂದೇ ಶಬ್ದ. ನೀರು ಬೇಕಿದ್ದರೂ ಅದು, ಕಿಟಕಿ ಮುಚ್ಚಬೇಕಿದ್ದರೂ ಅದು, ಸಿಟ್ಟು ಬಂದರೂ ಅದು. ಬೈಯಲು ಹೊರಟು ‘ಅದು, ಅದು’ ಎಂದು ತಡವರಿಸಿ ಅವರು ಗೋಡೆ ಕಡೆ ತಿರುಗಿ ಕೂತಾಗ, ಬೈಸಿಕೊಳ್ಳುವುದಕ್ಕಾಗಿ ಮಾವನ ಜೀವ ಹಪಹಪಿಸುತ್ತಿತ್ತು.

ಕೊಳಲನ್ನು ಮಾವ ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲಕ್ಕೆ ಎತ್ತಿಟ್ಟರು. ಮತ್ತೆ ಮುಟ್ಟಲಿಲ್ಲ.

ಆ ಕೊಳಲು ಹುಟ್ಟಿದ್ದೂ ಇಂಥದೇ ಒಂದು ಕಷ್ಟದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿದ್ದಳು. ನೋಡಲು ಬಿಡುತ್ತಿದ್ದುದು ಸಂಜೆ ಮಾತ್ರ. ಉಳಿದ ಹೊತ್ತೆಲ್ಲ ಪಂಪ್‌ಹೌಸಿನಲ್ಲಿ ಕೂತರೆ ಕೈ ಸುಮ್ಮನಿರದು, ತಲೆ ಮೊದಲೇ ಸುಮ್ಮನಿರದು. ಮೂಲೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಪೈಪಿನ ತುಂಡಿಗೆ ಕಾಯಿಸಿದ ಮೊಳೆಯಿಂದ ತೂತು ಕೊರೆದರು, ಒಂದು ತುದಿಗೆ ರಬ್ಬರ್ ಬಿರಡೆ ಜಡಿದರು. ಊದಿದರೆ ಮೋಟಾರಿನ ಗುಂಯ್ ಶಬ್ದಕ್ಕೂ ಇದಕ್ಕೂ ಜಗಳ. ಎತ್ತು ಏರಿಗೆ, ಕೋಣ ನೀರಿಗೆ. ಗುಂಡು ಅರ ತಂದು ತೂತುಗಳನ್ನು ಒಂದೊಂದು ಕೂದಲೆಳೆಯಷ್ಟು ಅಗಲಿಸುತ್ತ ಹೋದರು. ಮಗು ಪೆಟ್ಟಿಗೆಯಿಂದ ಹೊರಬರುವ ಹೊತ್ತಿಗೆ ಕೊಳಲು ಒಂದನೇ ನಂಬರಿನ ಜೊತೆ ಕೂಡಿಕೊಂಡಿತ್ತು. ಎರಡನೇ ನಂಬರ್ ಪಂಪ್ ಬೇರೆ ಕಂಪನಿಯದು. ಅದು ಓಡುವ ದಿನ ಮಾವನ ಕೊಳಲಿಗೆ ರಜೆ.

ಗುರುವಿಲ್ಲದ ವಿದ್ಯೆ, ಹೀಗೆ ಮೋಟಾರನ್ನೇ ತಂಬೂರಿ ಮಾಡಿಕೊಂಡು ಬೆಳೆಯಿತು. ಅದರಲ್ಲಿ ಒಂದು ಐಬು ಇರುವುದು ಅವರಿಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ, ಇಲಾಖೆಯ ನೌಕರರ ಸಂಗೀತ ಸಂಜೆಯಲ್ಲಿ. ಹಾರ್ಮೋನಿಯಂ ಹಿಡಿದಿದ್ದ ಗುಮಾಸ್ತರು, ‘ನಿಮ್ಮ ಶ್ರುತಿ ಎಷ್ಟು?’ ಎಂದು ಕೇಳಿದರು. ಸಂಗೀತದವರು ಅದಕ್ಕೆ ಒಂದು, ಒಂದೂವರೆ, ಎರಡು ಎಂದು ಹೇಳುವ ವಾಡಿಕೆ. ಮಾವನಿಗೆ ಗೊತ್ತಿದ್ದದ್ದು ಒಂದೇ ಸಂಖ್ಯೆ, ಮೋಟಾರಿನ ಮೈಮೇಲಿನ ತಗಡಿನಲ್ಲಿ ಕೊರೆದಿದ್ದ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಮೈಕಿನ ಮುಂದೆ ಗಂಭೀರವಾಗಿ ಹೇಳಿದರು: “ಸಾವಿರದ ನಾನೂರ ನಲವತ್ತು.”

ಸಭಾಂಗಣದ ನಗು ನಿಂತ ಮೇಲೆ ಗುಮಾಸ್ತರು ಪಾಪ ಒಂದೂವರೆಯನ್ನೂ ಒತ್ತಿದರು, ಎರಡನ್ನೂ ಒತ್ತಿದರು. ಮಾವನ ಸ್ವರ ಆ ಎರಡು ಮನೆಗಳ ನಡುವಿನ ಸಂದಿಯಲ್ಲಿತ್ತು. ಹಾರ್ಮೋನಿಯಂ ಬಿಟ್ಟು ಬರೀ ಕೊಳಲು ಎತ್ತಿದರೆ, ಕಾಲ ಕೆಳಗಿನ ನೆಲ ನಡುಗದ ಜಾಗದಲ್ಲಿ ಅವರ ಬೆರಳಿಗೆ ದಾರಿಯೇ ತಿಳಿಯಲಿಲ್ಲ. ಅರ್ಧಕ್ಕೆ ಇಳಿದು ಬಂದರು. ಮನೆಗೆ ನಡೆಯುವಾಗ ಅತ್ತೆ ಬಿಕ್ಕಳಿಕೆ ಬರುವಷ್ಟು ನಕ್ಕರು. “ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ. ನಿಮಗೆ ನೆಲ ನಡುಗದೇ ಇರೋದೇ ಡೊಂಕು ಕಣ್ರೀ.” ಅಂದಿನಿಂದ ಆ ಸಂಖ್ಯೆಯೇ ಮನೆಯೊಳಗೆ ಮಾವನ ಹೆಸರಾಯಿತು. ವಿಜ್ಞಾನದ ಟೀಚರ್ ಆದ ಮೇಲೆ ಮಗಳು ಲೆಕ್ಕ ಹಾಕಿ ಅಪ್ಪನ ಮಾನ ಕಾಪಾಡಿದಳು. ಪಂಪಿನೊಳಗಿನ ಚಕ್ರಕ್ಕೆ ಆರು ರೆಕ್ಕೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಸುತ್ತು. ಗುಣಿಸಿದರೆ ಸೆಕೆಂಡಿಗೆ ನೂರ ನಲವತ್ತನಾಲ್ಕು ಕಂಪನ. ಅಪ್ಪ ಹೇಳಿದ್ದು ತಪ್ಪಲ್ಲ, ಹತ್ತು ಪಟ್ಟು ಜಾಸ್ತಿ ಅಷ್ಟೇ ಎಂಬುದು ಅವಳ ತೀರ್ಪು.

ಈಗ ವಾರಕ್ಕೊಮ್ಮೆ ಮನೆಗೆ ಮಾತು ಕಲಿಸುವ ಮೇಡಂ ಬರುತ್ತಿದ್ದರು. ಹಾಡು ಕೂರುವ ಜಾಗ ಮೆದುಳಿನ ಇನ್ನೊಂದು ಬದಿಯಲ್ಲೂ ಇರುತ್ತದೆ, ಮಾತು ಬರದವರಿಗೆ ಕೆಲವೊಮ್ಮೆ ಹಾಡಿನ ಬೆನ್ನೇರಿ ಶಬ್ದ ಬರುತ್ತದೆ ಎಂದರು. ತಮ್ಮ ಪುಟ್ಟ ಕೀಬೋರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ನುಡಿಸಿದರು. ಅತ್ತೆ ನಯವಾಗಿ ಕೇಳಿ, ಮುಗಿದ ಮೇಲೆ ‘ಅದು’ ಎಂದರು. ಅವರಿಗೆ ಹಾಡುವ ಅಭ್ಯಾಸವೇ ಇರಲಿಲ್ಲವೇ ಎಂದು ಮೇಡಂ ಕೇಳಿದರು.

ಮಗಳಿಗೆ ಥಟ್ಟನೆ ನೆನಪಾಯಿತು. ಅಪ್ಪ ತಾನೇ ಕಟ್ಟಿದ ಒಂದು ಧಾಟಿ ಇತ್ತು. ಶಿಫ್ಟ್ ಮುಗಿಸಿ ಬರುವಾಗ ಅದನ್ನೇ ಸಿಳ್ಳೆ ಹಾಕುತ್ತ ಬರುವರು; ಅಮ್ಮ ಒಳಗಿನಿಂದ ಅದೇ ಧಾಟಿಗೆ ತನ್ನ ಮಾತು ಸೇರಿಸಿ ಹಾಡುವಳು: ‘ಹಾಲು ತಂದ್ರಾ, ಸೋಪು ತಂದ್ರಾ, ಮರೆತೇ ಬಂದ್ರಾ.’ ಆ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಹೌದು, ಮರೆತೇ ಬಂದಿದ್ದರು.

ಕೊಳಲು ತನ್ನಿ ಎಂದರೆ ಮಾವ ಒಪ್ಪಲಿಲ್ಲ. ಮನೆಯಲ್ಲಿ ಸ್ವರ ಕೂಡುವುದಿಲ್ಲ ಎಂದರು. ಮಗಳು ಮೋಟಾರಿನ ಸದ್ದನ್ನು ಫೋನಿನಲ್ಲಿ ಹಿಡಿದು ತಂದಳು. ಅಷ್ಟು ತಗ್ಗಿನ ಸ್ವರ ಹೊರಡಿಸಲು ಫೋನಿಗೆ ಗಂಟಲಿಲ್ಲ. ಡಬ್ಬಿಯೊಳಗೆ ಸಿಕ್ಕ ನೊಣದ ಹಾಗೆ ಕೇಳಿಸಿತು. ಹಾಗಾದರೆ ಅಮ್ಮನನ್ನೇ ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದಾಗ ಮಾವ ತಟ್ಟೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

“ಅವಳು ಇಲ್ಲಿ ಬಿದ್ದಿದ್ಲು, ನಾನು ಅಲ್ಲಿ ಊದ್ತಾ ಇದ್ದೆ. ಇನ್ನು ಯಾವ ಮುಖ ಇಟ್ಕೊಂಡು ಅದನ್ನ ಬಾಯಿಗಿಡಲಿ?”

“ಊದದೇ ಸುಮ್ನೆ ಕೂತಿದ್ರೆ, ಆ ಮೋಟಾರ್ ಸದ್ದಲ್ಲಿ ಫೋನ್ ಕೇಳಿಸ್ತಿತ್ತಾ ಅಪ್ಪಾ?”

ಅವರು ನಿಜವಾಗಿಯೂ ಯೋಚಿಸಿದರು. “ಇಲ್ಲ.”

“ಮತ್ತೆ? ನಾನು ಗಾಜಿನ ಪೆಟ್ಟಿಗೇಲಿದ್ದಾಗ ಊದಿದ್ರಲ್ಲ, ಅದು ತಪ್ಪಾ?”

ಪಕ್ಕದ ಕೋಣೆಯಿಂದ ಅತ್ತೆ ‘ಅದು!’ ಎಂದರು. ಯಾರ ಪರವಾಗಿ ಎಂದು ಇಬ್ಬರೂ ಕೇಳಲಿಲ್ಲ.

ಪಂಪ್‌ಹೌಸಿಗೆ ಹೊರಗಿನವರು ಬರುವಂತಿಲ್ಲ ಎಂಬ ನಿಯಮವಿತ್ತು. ಮಾವ ಇಂಜಿನಿಯರರ ಮುಂದೆ ಕೈಕಟ್ಟಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದರು. ಇಂಜಿನಿಯರರು ಕಾಗದದಿಂದ ತಲೆ ಎತ್ತದೆ, “ಭಾನುವಾರ ನಾನು ಆ ಕಡೆ ಬರೋದಿಲ್ಲ. ಬರದೇ ಇರೋನಿಗೆ ಏನ್ರೀ ಕಾಣುತ್ತೆ?” ಎಂದರು.

ಭಾನುವಾರ ಅತ್ತೆಯನ್ನು ಮರದ ಸ್ಟೂಲಿನ ಮೇಲೆ, ತಿರುಗುವ ಭಾಗದಿಂದ ಸಾಕಷ್ಟು ದೂರ, ಕಬ್ಬಿಣದ ಮೇಜಿನ ಪಕ್ಕ ಕೂರಿಸಿದರು. ಮಾವ ಎಂದಿನಂತೆ ವಾಲ್ವ್ ಮುಚ್ಚಿದೆಯೇ ನೋಡಿ, ಬೇರಿಂಗ್ ಮುಟ್ಟಿ ನೋಡಿ, ಗುಂಡಿ ಒತ್ತಿದರು. ಮೋಟಾರು ಕೆಮ್ಮಿ, ಏರಿ, ತನ್ನ ಸ್ವರಕ್ಕೆ ಬಂದು ನಿಂತಿತು. ವಾಲ್ವನ್ನು ಮೆಲ್ಲಗೆ ಬಿಚ್ಚಿ, ಮುಳ್ಳು ಜಾಗಕ್ಕೆ ಬಂದ ಮೇಲೆಯೇ ಅವರು ಸ್ಟಾರ್ಟರ್ ಪೆಟ್ಟಿಗೆಯ ಮೇಲಿಂದ ಕೊಳಲು ತೆಗೆದರು. ಅಂಗಿಯ ಅಂಚಿನಿಂದ ಅದರ ಧೂಳು ಒರೆಸಿದರು.

ಮೊದಲ ಉಸಿರು ಬರೀ ಗಾಳಿಯಾಗಿ ಹೋಯಿತು. ಎರಡನೆಯದು ಕೂಡಿತು. ಎಷ್ಟೋ ವಾರದಿಂದ ಬಿಗಿದುಕೊಂಡಿದ್ದ ಹೆಗಲು ಇಳಿದದ್ದು ಅವರಿಗೇ ತಿಳಿಯಿತು, ಅದಕ್ಕೆ ನಾಚಿಕೆಯೂ ಆಯಿತು, ಆದರೂ ನಿಲ್ಲಿಸಲಿಲ್ಲ. ಅತ್ತೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನಡುಕವನ್ನು ಕೇಳುತ್ತಿದ್ದರು. ಧಾಟಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಬಾಯಿ ಅಲುಗಾಡಿತು, ಶಬ್ದವಿಲ್ಲ. ಆ ದಿನ ಅಷ್ಟೇ.

ಮುಂದಿನ ಭಾನುವಾರ ಅವರು ಮೂಗಿನಲ್ಲಿ ಗುನುಗಿದರು. ಅದರ ಮುಂದಿನ ಭಾನುವಾರ ಮಾವ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ, ಮೋಟಾರಿನ ಸದ್ದಿನ ಕೆಳಗಿನಿಂದ, ತುಕ್ಕು ಹಿಡಿದ ನಲ್ಲಿ ಬಿಚ್ಚಿದ ಹಾಗೆ, “ಹಾಲು ತಂದ್ರಾ” ಎಂಬುದು ಹೊರಗೆ ಬಂತು. ಮಾವ ಕೊಳಲು ಬಾಯಿಗಿಟ್ಟುಕೊಂಡೇ ಅತ್ತರು; ಸ್ವರ ಕೆಟ್ಟಿತು. ಅತ್ತೆ ಮುಖ ಕಿವುಚಿ ‘ಅದು’ ಎಂದು ಗದರಿದರು.

ಆಮೇಲೆ ಒಂದೊಂದೇ ಬಂದವು. ‘ಸೋಪು’ ಬಂತು, ‘ಮರೆತೇ ಬಂದ್ರಾ’ ಬಂತು. ಧಾಟಿಗೆ ಕೂಡಿಸಿದರೆ ನೀರು, ಕಿಟಕಿ, ಮಗಳು ಎಲ್ಲವೂ ಬರುತ್ತವೆಂದು ಮಗಳು ಕಂಡುಕೊಂಡಳು. ತೊಡೆಯ ಮೇಲೆ ಕೈ ತಟ್ಟಿಕೊಂಡರೆ ಮೋಟಾರಿಲ್ಲದೆ ಮನೆಯಲ್ಲೂ ಕೆಲವು ಬರತೊಡಗಿದವು. ಮಾವನೂ ಆ ತಟ್ಟನ್ನೇ ನೆಲ ಮಾಡಿಕೊಂಡು, ತಪ್ಪುತಪ್ಪಾಗಿ, ಮನೆಯಲ್ಲಿ ಊದಲು ಕಲಿತರು.

ಮೇಡಂ ಮತ್ತೆ ಬಂದಾಗ ಇದನ್ನೆಲ್ಲ ಕೇಳಿ ಕೀಬೋರ್ಡ್ ತೆರೆದು ಕೂತರು. ಮಾವನ ಜೊತೆ ತಾವೂ ನುಡಿಸುವ ಉತ್ಸಾಹ ಅವರಿಗೆ.

“ಅಂಕಲ್, ಶ್ರುತಿ ಎಷ್ಟು ಇಟ್ಕೊಳ್ಳಲಿ?”

ಮಾವ ಮಗಳ ಮುಖ ನೋಡಿದರು, ಸೂರು ನೋಡಿದರು, ಕೊಳಲಿನ ತೂತು ಎಣಿಸುವವರ ಹಾಗೆ ತಲೆ ತಗ್ಗಿಸಿದರು. ಒಂದು ಸಲ ಆದ ಮರ್ಯಾದೆ ಸಾಕಾಗಿತ್ತು. ಮಂಚದ ಮೇಲೆ ಅತ್ತೆ ತೊಡೆ ತಟ್ಟತೊಡಗಿದರು. ತುಟಿಯ ಒಂದು ಮೂಲೆಯಲ್ಲಿ, ಬೀದಿಯೆಲ್ಲ ಬಲ್ಲ ಆ ಹಳೆಯ ನಗು. ಹಾಲು, ಸೋಪಿನ ಧಾಟಿಯಲ್ಲೇ, ಒಂದೊಂದು ತುಂಡನ್ನೂ ಎತ್ತಿ ಎತ್ತಿ ಇಡುತ್ತ, ಗಂಡನ ಮುಖ ನೋಡಿಕೊಂಡು ಅವರು ಹಾಡಿದರು:

“ಸಾವಿರದ... ನಾನೂರ... ನಲವತ್ತು.”