ಚಿತ್ರದ ದಾರ, ಶರಣಮ್ಮನ ಬೆರಳು

ಮೊನ್ನೆ ಭಾನುವಾರ ಮಧ್ಯಾಹ್ನ ನಾನು ತಾಂಡೂರು ಸ್ಟೇಷನ್ ಹಿಂದಿನ ಕಲ್ಲಿನ ಗೋದಾಮಿನಲ್ಲಿ, ಬಾಗಿಲ ಬಲಕ್ಕೆ ನಿಂತಿದ್ದೆ. ಫರೀದಾ ಬರೆದ ಚಿತ್ರಗಳೂ ಅಕ್ಕಸಾಲಿಗ ಮೋನಪ್ಪ ಮಾಡಿದ ಒಡವೆಗಳೂ ಅಲ್ಲಿ ಜೊತೆಯಾಗಿ ಪ್ರದರ್ಶನಕ್ಕಿದ್ದವು.

ಮೋನಪ್ಪನ ಅಂಗಡಿಗೆ ಬೀಗ ಕಂಡು ಶರಣಮ್ಮ ಎಂಬಾಕೆ ಗಂಡ ಬಸಣ್ಣನೊಡನೆ ಅಲ್ಲಿಗೇ ಓಡಿಬಂದಳು. ಕಡಜ ಕಡಿದು ಬೆರಳು ಬಾತು, ಉಂಗುರ ಸಿಕ್ಕಿಕೊಂಡಿತ್ತು. ಬೆರಳ ತುದಿ ನೀಲಿಗಟ್ಟಿತ್ತು.

“ಉಂಗುರ ಕತ್ತರಿಸಬೇಕಾಗ್ತದವ್ವಾ,” ಎಂದ ಮೋನಪ್ಪ.

“ಬ್ಯಾಡ್ರಿ, ಸತ್ತ ನಮ್ಮವ್ವಂದದು!”

“ಹಂಗಾದ್ರ ಬೆರಳು ಕತ್ತರಿಸ್ಲೇನು? ಯಾರರ ಒಂದು ದಾರ ಕೊಡ್ರಿ.”

ಫರೀದಾ ಗೋಡೆಯಿಂದ ತನ್ನ ಚಿತ್ರವೊಂದನ್ನು ಇಳಿಸಿ, ಅದನ್ನು ತೂಗುಹಾಕಿದ್ದ ನೈಲಾನ್ ದಾರವನ್ನೇ ಬಿಚ್ಚಿಕೊಟ್ಟಳು. ಮೋನಪ್ಪ ದಾರದ ತುದಿಯನ್ನು ಉಂಗುರದಡಿ ತೂರಿಸಿ, ಉಳಿದದ್ದನ್ನು ಉಂಗುರದ ಮುಂದಿನ ಬೆರಳಿಗೆ ಬಾವು ಅದುಮುವಂತೆ ಬಿಗಿಯಾಗಿ ಸುತ್ತಿ, ಆ ತುದಿ ಹಿಡಿದು ನಿಧಾನಕ್ಕೆ ಬಿಚ್ಚತೊಡಗಿದ. ಉಂಗುರ ಒಂದೊಂದೇ ಸುತ್ತು ದಾಟಿ ಹೊರಬಂತು. ಇದೂ ಪ್ರದರ್ಶನದ್ದೇ ಅಂದುಕೊಂಡ ಜನ ಚಪ್ಪಾಳೆ ತಟ್ಟಿದರು.

“ನಿಮ್ಮ ಚಿತ್ರ ನೆಲಕ್ಕ ಕುಂತದಲ್ರೀ ಬೀಬಿ,” ಎಂದು ಶರಣಮ್ಮ ಕಣ್ಣೊರೆಸಿಕೊಂಡಳು.

“ಕುಂದರ್ಲಿ ಬಿಡ್ರಿ ಅಕ್ಕಾ, ಮುಂಜಾನಿಂದ ನೇತಾಡಿ ದಣದಿತ್ತು.”

ನನ್ನೊಡನೆ ಇದನ್ನು ಹತ್ತಿರದಿಂದ ಕಂಡವರು ಫರೀದಾ, ಮೋನಪ್ಪ, ಬಸಣ್ಣ. ನಂಬದಿದ್ದರೆ ಕೇಳಿ ನೋಡಿ, ಮೂವರೂ ಬದುಕಿದ್ದಾರೆ. ಬೆರಳೂ ಬದುಕಿದೆ.