ಎಡಗಡೆ ಬ್ಯಾಟರಿ

ಮೇಷ್ಟ್ರ ಬಿಳಿ ಪಂಚೆಗಳಲ್ಲೆಲ್ಲ ಮೆಣಸಿನ ಕಾಳಿನ ಗಾತ್ರದ ತೂತುಗಳಿರುತ್ತಿದ್ದವು. ಬ್ಯಾಟರಿಯ ಆಸಿಡ್ ಸಿಡಿದ ಗುರುತು. ಸಿಡಿದ ದಿನ ಏನೂ ಕಾಣುವುದಿಲ್ಲ. ಒಗೆದು ಹರವಿದ ಮೇಲೆ ಬಟ್ಟೆ ಅಲ್ಲಲ್ಲೇ ಉದುರಿ, ಬಿಸಿಲು ಆ ತೂತುಗಳಿಂದ ಇಳಿದು ನೆಲದ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ಶಂಕರಪುರದಲ್ಲಿ ಅವರ ಮನೆಯ ಎದುರು ಮನೆಯಲ್ಲೇ ಬೆಳೆದ ನಾನು, ಆ ಚುಕ್ಕಿಗಳು ಗಾಳಿಗೆ ಓಡಾಡುವುದನ್ನು ಮಹಡಿಯಿಂದ ನೋಡುತ್ತ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ.

ಅವರು ತೀರಿಕೊಂಡ ಮೇಲೆ ನಮ್ಮ ಬೀದಿಯಲ್ಲಿ ಒಂದು ಕಥೆ ಗಟ್ಟಿಯಾಗಿ ನಿಂತುಬಿಟ್ಟಿದೆ. ಪಾಲಿಟೆಕ್ನಿಕ್ಕಿನಲ್ಲಿ ಊರ ಮಕ್ಕಳಿಗೆಲ್ಲ ಎಲೆಕ್ಟ್ರಿಕಲ್ ಪಾಠ ಹೇಳಿದ ಮೇಷ್ಟ್ರಿಗೆ ತಮ್ಮ ದೋಣಿಯ ಒಂದು ಬ್ಯಾಟರಿ ಸರಿಮಾಡಿಕೊಳ್ಳಲು ಬರಲಿಲ್ಲ, ಅದಕ್ಕೇ ಆ ದೋಣಿ ಕಾಂಪೌಂಡಿನಲ್ಲೇ ಉಳಿದುಹೋಯಿತು ಎಂಬ ಕಥೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ನಗುತ್ತ ಹೇಳುತ್ತಾರೆ. ಪ್ರೀತಿಯಿಂದ ಹೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಪ್ರತಿ ಮಾತಿಗೂ ಸಾಕ್ಷಿ ಕೇಳಿ ಕೇಳಿ ನನಗೆ ಅದೇ ಅಭ್ಯಾಸವಾಗಿದೆ. ಈ ಕಥೆಗೂ ಕೇಳುತ್ತೇನೆ. ಬ್ಯಾಟರಿ ಸತ್ತದ್ದು ನಿಜ. ಮತ್ತೆ ಮತ್ತೆ ಸತ್ತದ್ದೂ ನಿಜ. ಆದರೆ ಕಾರಣ ಅವರಿಗೆ ಸಿಗಲಿಲ್ಲ ಅನ್ನುವುದನ್ನು ನೋಡಿದವರು ಯಾರು?

ದೋಣಿ ಬಂದದ್ದು ತೊಂಬತ್ತರ ದಶಕದ ಮಧ್ಯದಲ್ಲಿ, ಮೇಷ್ಟ್ರು ನಿವೃತ್ತರಾದ ವರ್ಷ. ಯಾವುದೋ ಹರಾಜಿನಲ್ಲಿ ಹಿಡಿದ ಹಳೆಯ ಫೈಬರ್ ದೋಣಿ, ಹಿಂಬದಿಯಲ್ಲಿ ಜೋಡಿ ಎಂಜಿನ್, ಎಂಜಿನ್ನಿಗೊಂದರಂತೆ ಎರಡು ಬ್ಯಾಟರಿ. ಜೀಪೊಂದು ಅದನ್ನು ಟ್ರೇಲರಿನ ಮೇಲೆ ಎಳೆದುಕೊಂಡು ಬಂದಾಗ, ಬೀದಿಗೆ ಅಡ್ಡವಾಗಿದ್ದ ಕೇಬಲ್ ಟೀವಿಯ ತಂತಿಗಳನ್ನು ಬಿದಿರುಗಳದಿಂದ ಎತ್ತಿ ಹಿಡಿದು ದಾರಿ ಬಿಡಬೇಕಾಯಿತು. ಕೊನೆಗೆ ಮನೆಯ ಪಕ್ಕದ ಸಂಪಿಗೆ ಮರದ ಕೆಳಗೆ ನಿಂತಿತು.

"ಜನ ರಿಟೈರ್ ಆದ್ಮೇಲೆ ಸೈಟ್ ತಗೋತಾರೆ. ಇವ್ರು ನೋಡು, ನೆಲ ಬಿಟ್ಟು ತೇಲೋದನ್ನ ತಗೊಂಡ್ರು," ಎಂದು ನಮ್ಮಪ್ಪ ನಕ್ಕರು.

"ಏನ್ ಮೇಷ್ಟ್ರೇ, ಮಳೆ ಜಾಸ್ತಿ ಆದ್ರೆ ನಮ್ಮನ್ನೂ ಹತ್ತಿಸ್ಕೊಳ್ತೀರಾ?" ಎಂದು ಹೂವಿನವಳು ಕೇಳಿದರೆ ಮೇಷ್ಟ್ರು, "ಹೂ ತಂದೋರಿಗೆ ಮುಂದ್ಗಡೆ ಸೀಟು," ಎನ್ನುತ್ತಿದ್ದರು.

ಮುಂದ್ಗಡೆ ಸೀಟು ಸಿಕ್ಕಿದ್ದು ನನಗೆ. ಚರ್ಚೆಯ ಅಭ್ಯಾಸಕ್ಕೆ ನಾನು ದೋಣಿಯ ಮುಂಭಾಗದಲ್ಲಿ ನಿಂತು ಮಾತಾಡುತ್ತಿದ್ದೆ. ಮೇಷ್ಟ್ರು ಹಿಂದೆ ಎಂಜಿನ್‌ಗಳ ಪಕ್ಕ ಕೂತು ಪ್ರತಿಪಕ್ಷ ವಹಿಸುತ್ತಿದ್ದರು. ಮಧ್ಯೆ ಮಧ್ಯೆ ಒಂದೊಂದು ಸಂಪಿಗೆ ಬೀಳುತ್ತಿತ್ತು. ಟ್ರೇಲರಿನ ಸ್ಪ್ರಿಂಗುಗಳ ಮೇಲೆ ದೋಣಿ ಮೆಲ್ಲಗೆ ತೂಗುತ್ತಿದ್ದರಿಂದ, ಮಾತು ಏರಿದಷ್ಟೂ ನೆಲ ದೂರವಾದಂತೆ ಅನ್ನಿಸುತ್ತಿತ್ತು. ಬಾವಿಕಟ್ಟೆ, ತುಳಸಿಕಟ್ಟೆ, ಒಣಹಾಕಿದ ಪಂಚೆ ಎಲ್ಲವೂ ಯಾವುದೋ ದಡದ ಮೇಲಿನವಾಗಿ ನಿಧಾನಕ್ಕೆ ಹಿಂದೆ ಸರಿಯುತ್ತಿದ್ದವು.

"ಈಗ ಎಲ್ಲಿದೀವಿ?" ಎಂದು ಅವರು ಇದ್ದಕ್ಕಿದ್ದಂತೆ ಕೇಳುವರು.

"ಗಾಂಧಿಬಜಾರ್ ಸರ್ಕಲ್ಲು."

"ಅದು ದಾಟಿ ಆಗ್ಲೇ ಎಷ್ಟೋ ಹೊತ್ತಾಯ್ತು. ನೀನು ಹೇಳಿದ್ದನ್ನೇ ಹೇಳ್ತಾ ನಿದ್ದೆ ಮಾಡ್ತಿದ್ದೆ, ಅದಕ್ಕೇ ಗೊತ್ತಾಗ್ಲಿಲ್ಲ. ಕೆಳಗೆ ನೋಡು, ನೀರು ಎಷ್ಟು ಆಳ ಇದೆ."

ಎಲ್ಲವನ್ನೂ ಅನುಮಾನಿಸುವ ನಾನು ಬಗ್ಗಿ ನೋಡುತ್ತಿದ್ದೆ.

ಯಾವುದಾದರೂ ವಾದ ಬಹಳ ಚೆನ್ನಾಗಿದೆ ಎಂದು ನಾನು ಬೀಗಿದರೆ ಅವರು ಹೇಳುತ್ತಿದ್ದುದು ಒಂದೇ ಮಾತು. "ಸುಮ್ನೆ ಕೂತಾಗ ಎಲ್ಲ ಬ್ಯಾಟರೀನೂ ಹನ್ನೆರಡು ವೋಲ್ಟ್ ತೋರ್ಸುತ್ತಮ್ಮಾ. ಕೀ ತಿರುಗ್ಸು, ಭಾರ ಹಾಕು, ಆಗ ನೋಡು ಎಷ್ಟಕ್ಕೆ ಬೀಳುತ್ತೆ ಅಂತ." ಭಾರ ಹಾಕಿದರೆ ನನ್ನ ಎಷ್ಟೋ ವಾದಗಳು ಕುಸಿಯುತ್ತಿದ್ದವು. ಇವತ್ತಿಗೂ ಯಾರ ಮಾತು ಕೇಳಿದರೂ ನನ್ನ ಕೈ ಮೊದಲು ಹೋಗುವುದು ಆ ಕೀಗೇ.

ದೋಣಿ ನೀರನ್ನೇ ಕಾಣಲಿಲ್ಲ ಅನ್ನುವುದೂ ತಪ್ಪು. ಮೊದಲ ವರ್ಷ ಊರಾಚೆಯ ದೊಡ್ಡ ಕೆರೆಯಲ್ಲಿ ಅದನ್ನು ಇಳಿಸಿದ್ದರು. ಒಂದು ದಿನ ಅಲ್ಲಿ ಎಡಗಡೆಯ ಎಂಜಿನ್ ಶುರುವಾಗಲಿಲ್ಲ. ಬಲಗಡೆಯದೊಂದೇ ಸಾಕು ಎಂದು ಮೇಷ್ಟ್ರು ಒಬ್ಬರೇ ಹೊರಟರು. ನಡುನೀರಿನಲ್ಲಿ ಅದೂ ನಿಂತಿತು. ಮಳೆಗಾಲ, ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಗಾಳಿ ದೋಣಿಯನ್ನು ಕೋಡಿಯ ಕಡೆಗೇ ತಳ್ಳತೊಡಗಿತು. ಮೀನು ಹಿಡಿಯುವವರು ಹರಿಗೋಲಿನಲ್ಲಿ ಹೋಗಿ ಹಗ್ಗ ಹಾಕಿ ಎಳೆದು ತರುವವರೆಗೆ, ಮೇಷ್ಟ್ರ ಹೆಂಡತಿ ದಡದಲ್ಲಿ ನಿಂತು ನೋಡುತ್ತಿದ್ದರು. ಅವರನ್ನು ನಾನು ಆಂಟಿ ಎಂದೇ ಕರೆಯುವುದು. ಮೇಷ್ಟ್ರು ನಗುತ್ತ ಇಳಿದು ಬಂದರು. ಆಂಟಿ ಅವರ ಒದ್ದೆ ಅಂಗಿಯ ತೋಳು ಹಿಡಿದುಕೊಂಡವರು, ಮನೆ ಬಾಗಿಲು ಬರುವವರೆಗೂ ಬಿಡಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಮೇಷ್ಟ್ರೇ.

"ಒಂದ್ಮಾತೂ ಬೈಲಿಲ್ಲ ಕಣಮ್ಮಾ. ಬೈದಿದ್ರೆ ಚೆನ್ನಾಗಿತ್ತು."

ಆಮೇಲೆ ಅವರು ಒಂದು ನಿಯಮ ಮಾಡಿಕೊಂಡರು: ಎರಡೂ ಎಂಜಿನ್ ಶುರುವಾಗದೆ ದೋಣಿ ಮನೆ ಬಿಡುವುದಿಲ್ಲ. ಭಾನುವಾರ ಹೋಗುವುದೆಂದು ಗೊತ್ತಾದರೆ ಶನಿವಾರ ಮಧ್ಯಾಹ್ನ ಎರಡು ಡ್ರಮ್ಮುಗಳಿಗೆ ನೀರು ತುಂಬಿ, ಎಂಜಿನ್‌ಗಳ ಕೆಳಭಾಗವನ್ನು ಅದರಲ್ಲಿ ಮುಳುಗಿಸಿ, ಶುರು ಮಾಡಿ ನೋಡುವರು. ಎರಡೂ ಗುರ್ರೆನ್ನುವವು, ಬೀದಿಯ ನಾಯಿಗಳು ಓಡುವವು. ಭಾನುವಾರ ಬೆಳಿಗ್ಗೆ ಕೀ ತಿರುಗಿಸಿದರೆ ಬಲಗಡೆಯದು ಏಳುವುದು. ಎಡಗಡೆಯದು ಟಿಕ್, ಟಿಕ್, ಅಷ್ಟೇ. ಎಳೆದೊಯ್ಯಲು ಬಂದ ಜೀಪಿನವನು ಆಂಟಿ ಕೊಟ್ಟ ಗೊಜ್ಜವಲಕ್ಕಿ ತಿಂದು ವಾಪಸು ಹೋಗುವನು.

"ಬಲಗಡೆ ಬ್ಯಾಟರಿಯಿಂದ ವೈರ್ ಎಳೆದು ಎಡಗಡೇದು ಸ್ಟಾರ್ಟ್ ಮಾಡ್ಬಹುದಲ್ವಾ ಮೇಷ್ಟ್ರೇ?" ಎಂದು ಕೇಳಿದ್ದೆ.

"ಕಡ ತಂದ ಕರೆಂಟಲ್ಲಿ ನೀರಿಗಿಳೀಬೇಕಾ? ನಡುನೀರಲ್ಲಿ ನಿಂತ್ರೆ ಆಮೇಲೆ ಯಾರ ಮನೆ ಬಾಗ್ಲು ತಟ್ಲಿ?"

ಅವರ ತಪಾಸಣೆ ನೋಡುವುದೇ ಒಂದು ಸುಖ. ಮೊದಲು ನೆಗೆಟಿವ್ ತಂತಿ ಕಳಚುವರು. ಅಡುಗೆ ಸೋಡಾ ಕಲಸಿದ ಬಿಸಿನೀರನ್ನು ಬ್ಯಾಟರಿಯ ತುದಿಗಳ ಮೇಲೆ ಸುರಿದರೆ, ಅಲ್ಲಿ ಕಟ್ಟಿದ್ದ ಹಸಿರು ಪುಡಿ ನೊರೆನೊರೆಯಾಗಿ ಉಕ್ಕಿ ಇಳಿಯುವುದು. ಒರೆಸಿ, ವ್ಯಾಸಲೀನ್ ಸವರಿ, ಬ್ಯಾಟರಿಯೊಳಗಿನ ಪ್ರತಿ ಕೋಣೆಯ ನೀರಿನ ಮಟ್ಟ ನೋಡುವರು. ಬ್ಯಾಟರಿ ಹಳತಾಗಿದೆ ಎಂದು ಖಚಿತವಾದಾಗ ಎರಡನ್ನೂ ಒಟ್ಟಿಗೇ ಬದಲಿಸಿದರು. ಹೊಸದೂ ಎಡಗಡೆಯಲ್ಲಿ ಸತ್ತಾಗ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರು.

"ಈಗ ನೋಡು. ಬ್ಯಾಟರಿ ಜೊತೆ ತಪ್ಪೂ ಬಲಕ್ಕೆ ಹೋದ್ರೆ ತಪ್ಪು ಬ್ಯಾಟರೀದು. ಜಾಗದಲ್ಲೇ ಉಳಿದ್ರೆ, ಪಾಪ, ಬ್ಯಾಟರೀನ ಬೈಬೇಡ."

ಮುಂದಿನ ಸಲವೂ ಎಡಗಡೆಯದೇ ಸತ್ತಿತ್ತು. ಹಾಗಾದರೆ ತಪ್ಪು ಜಾಗದ್ದು. ಎಡಗಡೆಯ ಬ್ಯಾಟರಿಗೆ ಎಂಜಿನ್ ಬಿಟ್ಟರೆ ಇದ್ದದ್ದು ಒಂದೇ ಹೊರೆ: ಮುಂಭಾಗದ ಪುಟ್ಟ ಗೂಡಿನಲ್ಲಿ ಮೇಷ್ಟ್ರೇ ಕೂರಿಸಿದ್ದ ದೀಪ. ಹಳೆಯ ಕಾರಿನ ಹೆಡ್‌ಲೈಟ್ ಬಲ್ಬು, ಬೆಳಗಿನವರೆಗೆ ಉರಿದರೆ ಬ್ಯಾಟರಿಯನ್ನು ಹಿಂಡಿ ಹಾಕುವಂಥದ್ದು.

"ದೀಪದ ವೈರ್ ಕಳಚಿಟ್ಬಿಡಿ. ಗೊತ್ತಾಗೋಗುತ್ತೆ," ಎಂದೆ.

ಏನನ್ನೂ ಅರ್ಧಕ್ಕೆ ಬಿಟ್ಟವರಲ್ಲ ಅವರು. ಸ್ಪ್ಯಾನರ್ ಕೆಳಗಿಟ್ಟು, "ಸಾಕು ಬಿಡಮ್ಮಾ ಈವತ್ತಿಗೆ," ಎಂದರು. ಆ ಮಾತು ನನಗೆ ಕೊಂಚವೂ ಹಿಡಿಸಲಿಲ್ಲ. ಒಂದೇ ಹೆಜ್ಜೆ ಬಾಕಿ ಇರುವಾಗ ನಿಲ್ಲುವವರು, ನಿಲ್ಲಬೇಕೆಂದೇ ನಿಂತಿರುತ್ತಾರೆ.

ಇನ್ನೊಂದು ಶನಿವಾರ, ಮುಸ್ಸಂಜೆ, ಅಮ್ಮ ಕೊಟ್ಟ ಚಕ್ಕುಲಿಯ ಡಬ್ಬಿ ಹಿಡಿದು ಅವರ ಗೇಟು ತೆಗೆದೆ. ದೋಣಿಗೆ ಹೊದಿಸಿದ್ದ ನೀಲಿ ಟಾರ್ಪಾಲು ಒಳಗಿನಿಂದ ಹೊಳೆಯುತ್ತಿತ್ತು. ಅದರ ಅಂಚನ್ನು ಎತ್ತಿಕೊಂಡು ಆಂಟಿ ಹೊರಬಂದರು. ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ನೋಡದೆ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋದರು. ಜಗಲಿಯ ಮೇಲೆ, ದೋಣಿಗೆ ನೇರ ಎದುರಾಗಿ, ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಕನ್ನಡಕದ ಎರಡೂ ಗಾಜಿನಲ್ಲಿ ಒಂದೊಂದು ನೀಲಿ ದೋಣಿ.

"ಮೇಷ್ಟ್ರೇ, ದೋಣೀಲಿ ಲೈಟು..."

"ಸಂಜೆ ಬಿಸಿಲು ಕಣಮ್ಮಾ. ಟಾರ್ಪಾಲಿನ ಮೇಲೆ ಬಿದ್ದಿದೆ."

ಸೂರ್ಯ ಮುಳುಗಿ ಆಗಲೇ ಹೊತ್ತಾಗಿತ್ತು. ಪ್ರತಿವಾದಕ್ಕೆ ಬಾಯಿ ತೆರೆದವಳು, ಅವರು ನೋಡಿದ ರೀತಿಗೆ ಮುಚ್ಚಿಕೊಂಡೆ. ಪಕ್ಕದ ಮೆಟ್ಟಿಲ ಮೇಲೆ ಕೂತೆ. ಕತ್ತಲು ಕಟ್ಟುತ್ತ ಕಟ್ಟುತ್ತ ಸಂಪಿಗೆ ಮರ ಹೋಯಿತು, ಗೋಡೆ ಹೋಯಿತು, ಬೀದಿಯೂ ಹೋಯಿತು. ಆ ನೀಲಿ ಬೆಳಕೊಂದೇ ಎಲ್ಲೋ ವಿಶಾಲವಾದ ನೀರಿನ ಮೇಲೆ ನಿಂತ ಹಾಗೆ ಉಳಿಯಿತು. ನಾವಿಬ್ಬರೂ ಚಕ್ಕುಲಿ ತಿಂದೆವು.

ಇದು ನನ್ನ ಸಾಕ್ಷಿ. ಅವರಿಗೆ ಕಾರಣ ಗೊತ್ತಿತ್ತು. ಹೇಳಿದರೆ ಆಂಟಿಯ ಹೆಸರು ಹೇಳಬೇಕಿತ್ತು. ಹೇಳದೆ, ಬೀದಿಯ ನಗೆಯನ್ನು ವರ್ಷಗಟ್ಟಲೆ ತಾವೇ ಹೊತ್ತುಕೊಂಡರು. ಶನಿವಾರ ಅವರು ಎಂಜಿನ್ ಓಡಿಸುವುದು, ಸಂಜೆ ಆಂಟಿ ದೀಪ ಹಾಕುವುದು, ಬೆಳಗಾಗುವ ಮುಂಚೆ ಆರಿಸುವುದು, ಭಾನುವಾರ ಟಿಕ್ ಟಿಕ್. ಒಂದು ವ್ರತದ ಹಾಗೆ ನಡೆದುಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದ ಹಾಗೆಯೇ. ಮುಗಿಯಲಿಲ್ಲ.

ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಎರಡು ಸಾವಿರದ ಇಸವಿಯ ಈಚೆಗೆ, ಮೇಷ್ಟ್ರ ಕೈ ನಡುಗಲು ಶುರುವಾಗಿತ್ತು. ಒಂದು ದಿನ ಆಂಟಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಗಾಂಧಿಬಜಾರಿನಲ್ಲಿ ಆಗತಾನೆ ಕೊಂಡ ಕ್ಯಾನ್ವಾಸ್ ಶೂ.

"ಈ ಸಲ ನಾನೂ ದೋಣಿ ಹತ್ತುತೀನಿ ಕಣೇ ಪುಟ್ಟಿ. ದಡದಲ್ಲಿ ನಿಂತು ನೋಡೋದು ಸಾಕಾಗಿದೆ. ಏನಾದ್ರೂ ಇಬ್ರಿಗೂ ಒಟ್ಟಿಗೇ ಆಗ್ಲಿ. ಈ ಶೂ ನೀರಲ್ಲಿ ಜಾರಲ್ವಂತೆ, ಹೌದಾ?"

ಮೇಷ್ಟ್ರಿಗೆ ಅವರು ಹೇಳಿದಾಗ ನಾನು ಅಲ್ಲೇ ಇದ್ದೆ.

"ನೀನಾ? ನಿಂಗೆ ಈಜು ಬರಲ್ವಲ್ಲೇ."

"ನಿಮಗೆ ಬರುತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಂದೇನು ಬಿಡು," ಎಂದರು.

ಜೆ.ಸಿ. ರಸ್ತೆಯಿಂದ ಹೊಸ ಬ್ಯಾಟರಿಗಳ ಜೋಡಿ ಬಂತು. ಅವರು ಹೇಳಿದಂತೆ ನಾನೇ ಕೂರಿಸಿದೆ: ಪಾಸಿಟಿವ್ ಮೊದಲು, ನೆಗೆಟಿವ್ ಆಮೇಲೆ. ಶನಿವಾರ ಡ್ರಮ್ಮುಗಳಲ್ಲಿ ಎರಡೂ ಎಂಜಿನ್ ಎದ್ದಾಗ ಆಂಟಿ ಅಡುಗೆಮನೆಯಿಂದ ಓಡಿಬಂದು ಚಪ್ಪಾಳೆ ತಟ್ಟಿದರು.

ಭಾನುವಾರ ಬೆಳಿಗ್ಗೆ ಜೀಪು ಬಂತು. ಆಂಟಿ ಸೀರೆಯನ್ನು ಕೊಂಚ ಮೇಲಕ್ಕೆ ಸಿಕ್ಕಿಸಿ, ಬಿಳಿ ಶೂ ಹಾಕಿಕೊಂಡು, ಪುಳಿಯೋಗರೆ ತುಂಬಿದ ಚೀಲ ಹಿಡಿದು ನಿಂತಿದ್ದರು. ಮೇಷ್ಟ್ರು ಕೀ ತಿರುಗಿಸಿದರು. ಬಲಗಡೆಯದು ಎದ್ದಿತು. ಎಡಗಡೆಯದು ಟಿಕ್, ಟಿಕ್.

ಆಂಟಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಎಳೆದುಕೊಂಡು ಹೋದರು. ಇಷ್ಟು ವರ್ಷಗಳಲ್ಲಿ ಯಾರೂ ಆಡದಿದ್ದ ಮಾತನ್ನು ಅವರೇ ಆಡಿದರು.

"ಈ ಸಲ ನಾನಲ್ಲ ಕಣೇ. ದೇವರಾಣೆ."

ನಾನು ದೋಣಿಯ ಗೂಡಿನೊಳಗೆ ಬಗ್ಗಿ ದೀಪ ಮುಟ್ಟಿದೆ. ಆರಿತ್ತು, ಆದರೆ ಗಾಜು ಇನ್ನೂ ಬೆಚ್ಚಗಿತ್ತು. ನನ್ನ ಹಿಂದೆಯೇ ಬಂದ ಆಂಟಿಯೂ ಮುಟ್ಟಿ ನೋಡಿದರು. ಮೇಷ್ಟ್ರು ನಮಗೆ ಬೆನ್ನು ಹಾಕಿ, ಹೊಸ ಬ್ಯಾಟರಿಯ ಹೊಳೆಯುವ ತುದಿಗಳನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. ಆಂಟಿ ಜಗಲಿಯ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದರು.

"ನಾನು ಜೊತೆಗೆ ಬರೋದು ಅವರಿಗೆ ಬೇಕಿರ್ಲಿಲ್ಲ."

"ನೀವು ಇಷ್ಟು ವರ್ಷ ದೀಪ ಹಾಕಿದ್ರಲ್ಲ ಆಂಟಿ, ನಿಮಗೆ ಅವರು ಬೇಡವಾಗಿದ್ರಾ?"

"ನಂದು ಬೇರೆ. ನಾನು ಹೆದರ್ಕೊಂಡು ಹಾಕ್ತಿದ್ದೆ."

"ಅವರೂ ಹೆದರಿರ್ಬಹುದಲ್ಲಾ?"

"ಅವರಾ? ಕೋಡಿ ಬಾಯಿಂದ ನಗ್ತಾ ಎದ್ದು ಬಂದೋರು ಕಣೇ ಅವರು. ಸುಮ್ನೆ ನನ್ನ ಸಮಾಧಾನಕ್ಕೆ ವಕೀಲಿ ಮಾಡ್ಬೇಡ."

ನಾನು ಸೋತ ಚರ್ಚೆಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಅದೇ. ನನ್ನ ಪಕ್ಷ ಸರಿ ಅನ್ನಿಸುತ್ತಿತ್ತು, ಸಾಕ್ಷಿ ಇರಲಿಲ್ಲ. ಇದ್ದ ಒಬ್ಬರೇ ಸಾಕ್ಷಿ ಬ್ಯಾಟರಿ ಒರೆಸುತ್ತಿದ್ದರು. ಆಂಟಿ ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಹುರಿಗಾಳು ತಿನ್ನುತ್ತ, ಮೇಷ್ಟ್ರು ಇರುವವರೆಗೂ ಆ ಮಾತನ್ನು ಇಬ್ಬರೂ ಹಾಗೆಯೇ ದಾಟಿಸಿಕೊಂ‍ಡು ಹೋದರು. ಆಂಟಿಯ ನಗು ಮಾತ್ರ ಆ ಭಾನುವಾರದಿಂದ ಒಂದು ಮಟ್ಟ ಕೆಳಗಿಳಿದೇ ಇತ್ತು.

ಮೇಷ್ಟ್ರು ಹೋದದ್ದು ಮಳೆಗಾಲದ ಒಂದು ಬೆಳಿಗ್ಗೆ, ಬಸವನಗುಡಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಅದರ ಹಿಂದಿನ ಸಂಜೆ ನಾನು ಅವರ ಪಕ್ಕದಲ್ಲಿದ್ದೆ. ಮಾತಿಗೆ ಭಾರ ಹಾಕಿ ನೋಡುವುದನ್ನು ನನಗೆ ಕಲಿಸಿದವರು ಅವರು. ಎಲ್ಲಿ ಹಾಕದೆ ಸುಮ್ಮನಿರಬೇಕು ಎಂಬುದನ್ನೂ ಆ ನೀಲಿ ಸಂಜೆ ಕಲಿಸಿದ್ದರು. ಅದನ್ನು ನಾನು ಪೂರ್ತಿ ಕಲಿತಿಲ್ಲ. ಆಂಟಿ ಕಾಫಿ ತರಲು ಕೆಳಗೆ ಹೋದರು. ಮೇಷ್ಟ್ರು ಕಣ್ಣು ಮುಚ್ಚಿದ್ದರು, ಆದರೆ ನನ್ನ ಬೆರಳುಗಳನ್ನು ಹಿಡಿದುಕೊಂಡಿದ್ದರು. ಮೆಟ್ಟಿಲ ಮೇಲೆ ಆಂಟಿಯ ಚಪ್ಪಲಿಯ ಸದ್ದು ವಾಪಸು ಬರುವುದರೊಳಗೆ, ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ಮೇಷ್ಟ್ರೇ, ಆಂಟಿಗೆ ಹೇಳ್ಬೇಕು, ಅದಕ್ಕೇ ಕೇಳ್ತಿದೀನಿ. ಆವತ್ತು ನೀವು ದೀಪ ಹಾಕಿದ್ದು ಅವರು ಜೊತೆಗೆ ಬರೋದು ಬೇಡ ಅಂತಾನಾ, ಇಲ್ಲಾ ನೀರಲ್ಲಿ ಅವರಿಗೇನಾದ್ರೂ ಆಗ್ಬಿಟ್ರೆ ಅಂತಾನಾ?"