ಬಿಳಿ ಕೊಡೆ ಹಿಡಿದವಳು
ಫೋಟೋ ಹುಚ್ಚಿನ ಗಡಿಯಾರ ರಿಪೇರಿಯವರು ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ ದಿನದಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಊಟ ಮಾಡಿಲ್ಲ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ "ಹಾಗೇ ಇರಿ, ಅಲ್ಲಾಡ್ಬೇಡಿ!" ಎನ್ನುತ್ತಾರೆ. ಅವರ ಅಮ್ಮ ಸರಿಯಾಗಿ ಆ ಗಳಿಗೆಗೇ ಕಣ್ಣು ಮುಚ್ಚುತ್ತಾರೆ, ಭಾವಮೈದನ ಬೋಳುತಲೆ ಎರಡನೇ ಫ್ಲ್ಯಾಶಿನಂತೆ ಹೊಳೆಯುತ್ತದೆ, "ಇನ್ನೊಂದೇ ಒಂದು" ಎಂಬ ಮಾತು ಹದಿನೇಳನೇ ಸಲ ಬರುತ್ತದೆ. ಬೆಳಕು ಮೆತ್ತಗೆ ಬೀಳಲೆಂದು ಫ್ಲ್ಯಾಶಿಗೆ ಕಟ್ಟಿದ ಬಿಳಿ ಕೊಡೆಯನ್ನು ಎತ್ತಿ ಹಿಡಿದ ಹೆಂಡತಿ, "ಹಾಲು ಉಕ್ಕತ್ತೆ ಕಣ್ರೀ" ಎಂದು ಗೊಣಗುತ್ತಲೇ ಎಡಕ್ಕೆ ಸರಿಯುತ್ತಾಳೆ. "ಇಷ್ಟು ಫೋಟೋದಲ್ಲಿ ನಂದೊಂದೂ ಇಲ್ವಲ್ಲ" ಎಂದರೆ ಮಾತ್ರ ಅವರು ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಆಕೆಯ ಕಣ್ಣಿಗೆ ಹಿಡಿದು, ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಮಗಳ ಮುಖ ತೋರಿಸುತ್ತಾರೆ. ಮಗಳ ಕಣ್ಣಪಾಪೆಯಲ್ಲಿ ಸಾಸಿವೆಯಷ್ಟು ಬಿಳಿ ಕೊಡೆ, ಪಕ್ಕದಲ್ಲಿ ಆಕೆ. "ನೀನಿಲ್ದಿರೋ ಫೋಟೋ ಯಾವ್ದು, ತೋರ್ಸು ನೋಡೋಣ."